ಹನ್ನೆರಡನೆಯ ಅರ್ಜಿ

ಈಗಲೇ ಹೇಳಿಬಿಡಲೋ, ಹನ್ನೆರಡು ಗಂಟೆಯವರೆಗೆ ಸುಮ್ಮನಿರಲೋ? ಹೇಳಿದರೆ ಇವತ್ತಿನ ಕೂಲಿ ಹೋಯಿತು. ಹೇಳದಿದ್ದರೆ? ಹೇಳದಿದ್ದರೆ ಏನೂ ಆಗಲಿಕ್ಕಿಲ್ಲ. ಜಿಪ್ಪಿನ ಹಿಡಿ ಮುರಿದ ಮಾತ್ರಕ್ಕೆ ಜಿಪ್ಪೇ ತೆರೆಯುವುದಿಲ್ಲ ಎಂದೇನೂ ಇಲ್ಲವಲ್ಲ. ಅಥವಾ ಹಾಗೇನಾದರೂ ಇದೆಯೋ?

ಓಗುಶಿ ಮೊರಿಯೊ ಹೀಗೆ ಯೋಚಿಸುತ್ತ ಒಂದು ತಾವರೆ ಗೆಡ್ಡೆಯ ಒಳಗೆ ನಿಂತಿದ್ದ.

ಅದು ಅಡುಗೆಯ ಗೆಡ್ಡೆಯಲ್ಲ. ಸ್ಪಂಜು, ತಂತಿ, ಬಟ್ಟೆ ಸೇರಿಸಿ ಹೊಲಿದ ಆಳೆತ್ತರದ ಬೊಂಬೆವೇಷ. ಗೆಡ್ಡೆಯನ್ನು ಅಡ್ಡ ಕತ್ತರಿಸಿದಾಗ ಸಿಗುವ ದುಂಡನೆಯ ಬಿಲ್ಲೆಯ ಆಕಾರ. ಎದುರಿಗೆ ಒಂಬತ್ತು ತೂತು, ನಡುವೆ ತಟ್ಟೆಯಗಲದ ಎರಡು ಕಣ್ಣು, ಈ ತುದಿಯಿಂದ ಆ ತುದಿಗೆ ಒಂದು ನಗು. ಹೆಸರು ರೆಂಕೊರೊ. ಕುಸುನೊಸೆ ಊರಿನ ಕೆಸರಿನಲ್ಲಿ ಬೆಳೆಯುವ ತಾವರೆ ಗೆಡ್ಡೆಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಮರ್ಯಾದೆಯಿದೆ. ಹಾಗಾಗಿ ನಗರಸಭೆ ತನ್ನ ಬಾಡಿಗೆ ಸಹಾಯ ಯೋಜನೆಯನ್ನು ಜನರಿಗೆ ತಿಳಿಸಲು ಗೆಡ್ಡೆಯನ್ನೇ ಆರಿಸಿತ್ತು. ಕೆಲಸ ಹೋದವರ ಮನೆ ಬಾಡಿಗೆಯನ್ನು ಆರು ತಿಂಗಳು ನಗರವೇ ಕಟ್ಟುವ ಯೋಜನೆ ಅದು.

ಎರಡು ತಿಂಗಳಿಂದ ರೆಂಕೊರೊ ಕಾಣದ ಜಾಗವಿರಲಿಲ್ಲ. ಬಸ್ಸಿನ ಬೆನ್ನಿಗೆ ರೆಂಕೊರೊ, ರೈಲ್ವೆ ನಿಲ್ದಾಣದ ಮೆಟ್ಟಿಲಿಗೆ ರೆಂಕೊರೊ, ಸಾರ್ವಜನಿಕ ಸ್ನಾನಗೃಹದ ಕನ್ನಡಿಗೆ ರೆಂಕೊರೊ. ಬೆತ್ತಲೆ ನಿಂತು ಗಡ್ಡ ಹೆರೆಯುವವನಿಗೂ ಅದು ನಗುತ್ತ ಹೇಳುತ್ತಿತ್ತು: ‘ಕಷ್ಟವೇ? ನಾಚಿಕೆ ಬೇಡ. ಕೇಳಿ, ಕೊಡುತ್ತೇವೆ!’ ಅದೇ ಮಾತು ಅಚ್ಚಾದ, ಪುಕ್ಕಟೆ ಹಂಚುವ ಕಾಗದದ ಕರವಸ್ತ್ರದ ಪೊಟ್ಟಣಗಳು ಅರವತ್ತು ಸಾವಿರ. ಎಷ್ಟು ಮನೆಗೆ ಕೊಡುತ್ತಾರೆ ಎಂಬುದು ಮಾತ್ರ ಯಾವ ಪೋಸ್ಟರಿನಲ್ಲೂ ಇರಲಿಲ್ಲ. ಆ ವರ್ಷಕ್ಕೆ ಹನ್ನೆರಡು ಮನೆ. ಉಳಿದ ಹಣ ‘ಕೊಡುತ್ತೇವೆ’ ಎಂದು ಸಾರುವುದಕ್ಕೇ ಮುಗಿದಿತ್ತು. ಓಗುಶಿ ಒಮ್ಮೆ ಮನಸ್ಸಿನಲ್ಲೇ ಭಾಗಿಸಿ ನೋಡಿದ್ದ. ಮನೆಗೆ ಐದು ಸಾವಿರ ಪೊಟ್ಟಣ. ಸಹಾಯ ಸಿಗದವರು ಕಣ್ಣೊರೆಸಿಕೊಳ್ಳಲು ಅಷ್ಟು ಬೇಕಾದೀತು ಎಂದುಕೊಂಡಿದ್ದ.

ಅವನಿಗೆ ಸಿಟ್ಟು ಬರಲು ಬೇರೆ ಕಾರಣವೂ ಇತ್ತು. ಇಪ್ಪತ್ತಾರು ವರ್ಷ ಅವನು ಊರಿನ ಮುದ್ರಣಾಲಯದಲ್ಲಿ ದುಡಿದಿದ್ದ. ನಗರಸಭೆಯ ಕರಪತ್ರಗಳೆಲ್ಲ ಅವನ ಕೈಯಲ್ಲೇ ಅಚ್ಚಾಗುತ್ತಿದ್ದವು. ಹೋದ ವರ್ಷ, ಪ್ರಚಾರ ದೊಡ್ಡ ಮಟ್ಟದಲ್ಲಿ ಆಗಬೇಕೆಂದು ಎಲ್ಲವನ್ನೂ ಟೋಕಿಯೋದ ಒಂದು ಜಾಹೀರಾತು ಕಂಪನಿಗೆ ಒಪ್ಪಿಸಿದರು. ಮುದ್ರಣಾಲಯ ಬಾಗಿಲು ಹಾಕಿತು. ಕೆಲಸ ಕಳೆದುಕೊಂಡವರಿಗೆ ಸಹಾಯವಿದೆ ಎಂದು ಊರಿಗೆಲ್ಲ ಸಾರುವ ಪ್ರಚಾರದಿಂದಲೇ ಐವತ್ತೇಳನೆಯ ವಯಸ್ಸಿನಲ್ಲಿ ಓಗುಶಿ ಕೆಲಸ ಕಳೆದುಕೊಂಡ.

ಅರ್ಜಿ ಹಾಕಲು ಅವನು ಮೂರು ಸಲ ಬಂದಿದ್ದ. ಮೊದಲ ಸಲ, ಎರಡನೆಯ ಮಹಡಿಯ ಆ ಕೌಂಟರಿನಲ್ಲಿ ಇದ್ದ ಒಬ್ಬಳೇ ಒಬ್ಬಳು ಗುಮಾಸ್ತೆ ಕುರಾಮೊಚಿ-ಸಾನ್ ಪೋಸ್ಟರ್ ಅಂಟಿಸಲು ನಿಲ್ದಾಣಕ್ಕೆ ಹೋಗಿದ್ದಳು. ಎರಡನೆಯ ಸಲ ಅವಳು ಅರ್ಜಿಯನ್ನು ಕೈಗೆತ್ತಿಕೊಂಡು ಬಹಳ ಸಂಕಟದಿಂದ, “ಇದು ಹಳೇ ಫಾರಂ. ಇದರಲ್ಲಿ ರೆಂಕೊರೊ ಚಿತ್ರ ಇಲ್ಲ. ಚಿತ್ರ ಇರೋ ಹೊಸ ಫಾರಂ ಕೊಡ್ತೀನಿ, ಮನೆ ಯಜಮಾನರ ಮುದ್ರೆ ಇನ್ನೊಂದ್ಸಲ ಹಾಕಿಸ್ಕೊಂಡು ಬನ್ನಿ” ಎಂದಿದ್ದಳು. ಮೂರನೆಯ ಸಲ ಕೌಂಟರಿನ ಮೇಲೆ ಒಂದು ಹಲಗೆ ಇತ್ತು: ‘ಪ್ರಚಾರದ ಸಿದ್ಧತೆಗಾಗಿ ಇಂದು ರಜೆ’.

ನಿನ್ನೆ ಅವಳೇ ಫೋನ್ ಮಾಡಿದ್ದಳು. “ಹನ್ನೊಂದು ಅರ್ಜಿ ಆಗಿಹೋಯ್ತು ಓಗುಶಿ-ಸಾನ್. ಇನ್ನು ಒಂದೇ ಉಳಿದಿರೋದು. ನಾಳೆ ಐದೂಕಾಲಿನೊಳಗೆ ಹೇಗಾದ್ರೂ ಬನ್ನಿ. ಎತ್ತಿಡೋಕೆ ನಂಗೆ ಅಧಿಕಾರ ಇಲ್ಲ. ಮೊದ್ಲು ಬಂದವರಿಗೇ ಕೊಡ್ಬೇಕು.”

ಮನೆ ಯಜಮಾನ ಅಷ್ಟು ಸಂಕಟಪಟ್ಟಿರಲಿಲ್ಲ. ‘ಆಗಸ್ಟ್ ಮೂವತ್ತೊಂದು ಸಂಜೆ ಏಳರೊಳಗೆ ನಗರಸಭೆಯ ಕೆಂಪು ಮೊಹರಿನ ಚೀಟಿ ತೋರಿಸಿ. ಇಲ್ಲವೇ ಬೀಗದ ಕೈ ಕೊಡಿ’ ಎಂದು ಕಾಗದ ಹಾಕಿದ್ದ.

ಇವತ್ತು ಆಗಸ್ಟ್ ಮೂವತ್ತೊಂದು.

ಆದರೂ ಓಗುಶಿ ಬೆಳಿಗ್ಗೆ ಹುರುಪಿನಲ್ಲೇ ಇದ್ದ. ಉದ್ಯೋಗ ಕಚೇರಿಯವರು ಒಂದು ದಿನದ ಕೂಲಿ ಕೆಲಸ ಕೊಟ್ಟಿದ್ದರು. ನಗರಸಭೆ ಕಚೇರಿಯ ಪಡಸಾಲೆಯಲ್ಲಿ ಹತ್ತರಿಂದ ಹನ್ನೆರಡರವರೆಗೆ ರೆಂಕೊರೊ ಆಗಿ ನಿಲ್ಲುವುದು. ಒಂದೇ ಕಟ್ಟಡ. ವೇಷ ಕಳಚಿ ಮೆಟ್ಟಿಲು ಹತ್ತಿದರಾಯಿತು. ಅರ್ಜಿ, ಯಜಮಾನನ ಮುದ್ರೆಯ ಪತ್ರ, ವಾಸದ ದಾಖಲೆ ಎಲ್ಲವನ್ನೂ ಕಂದು ಲಕೋಟೆಯಲ್ಲಿಟ್ಟು, ಕಳೆದುಹೋದೀತೆಂದು ಹೆದರಿ, ಬನಿಯನ್ನಿನೊಳಗೆ ಎದೆಗೆ ಅಂಟಿಸಿಕೊಂಡಿದ್ದ.

ಕಂಪನಿಯ ಕಡೆಯಿಂದ ಬಂದ ಸೊಗಾಬೆ ಎಂಬ ನಡುವಯಸ್ಸಿನವನು ಉಗ್ರಾಣದಲ್ಲಿ ಅವನಿಗೆ ವೇಷ ತೊಡಿಸುತ್ತ ನಿಯಮ ಹೇಳಿದ್ದ.

“ಒಂದು, ಮಾತಾಡಬಾರ್ದು. ಎರಡು, ಜನರ ಎದುರು ಬಿಚ್ಚಬಾರ್ದು. ಮೂರು, ಒಳಗೆ ಯಾರೂ ಇಲ್ಲ.”

“ಯಾರೂ ಇಲ್ಲ ಅಂದ್ರೆ?”

“ಅಂದ್ರೆ ನೀವು ಇಲ್ಲ. ರೆಂಕೊರೊ ರೆಂಕೊರೊನೇ. ಒಂದು ಅಕ್ಷರ ಬಾಯಿಂದ ಬಿತ್ತು ಅಂದ್ರೆ ಕೂಲಿ ಇಲ್ಲ, ಉದ್ಯೋಗ ಕಚೇರಿಗೂ ದೂರು ಹೋಗತ್ತೆ. ಅರ್ಥ ಆಯ್ತಾ?”

“ಆಯ್ತು” ಎಂದ ಓಗುಶಿ. ಆ ದಿನ ಅವನು ಮನುಷ್ಯನಾಗಿ ಆಡಿದ ಕೊನೆಯ ಕೆಲವು ಮಾತುಗಳಲ್ಲಿ ಅದೂ ಒಂದು. ಸೊಗಾಬೆ ಬೆನ್ನಿನ ಜಿಪ್ಪನ್ನು ಸರ್ರನೆ ಮೇಲೆಳೆದ. ಟಕ್ ಎಂದು ಸದ್ದಾಯಿತು.

“ಏನಾಯ್ತು?”

“ಏನಿಲ್ಲ, ಏನಿಲ್ಲ” ಎಂದು ಸೊಗಾಬೆ ಏನನ್ನೋ ಜೇಬಿಗೆ ಹಾಕಿಕೊಂಡ. “ಹೇಗಿದ್ರೂ ಈಗ ಮುಚ್ಚಿರಬೇಕು ತಾನೇ? ನಡೀರಿ.”

*

ಪಡಸಾಲೆ ತುಂಬಿತ್ತು. ಸರ್ಕಾರಿ ಕಚೇರಿಯ ಏಸಿ ಇಪ್ಪತ್ತೆಂಟು ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಹೊರಗಿನವರಿಗೇ ಬೆವರು. ಒಳಗೆ ಓಗುಶಿ ಹಬೆಯಲ್ಲಿಟ್ಟ ಕಡುಬಿನಂತೆ ಬೇಯುತ್ತಿದ್ದ. ಆರನೆಯ ತೂತಿಗೆ ಕರಿಯ ಬಲೆ ಹೊಲಿದಿದ್ದರು. ಲೋಕ ಕಾಣುತ್ತಿದ್ದದ್ದು ಅದೊಂದರಿಂದಲೇ, ಅದೂ ಜನರ ಹೊಟ್ಟೆಯ ಮಟ್ಟಕ್ಕೆ. ಐದನೆಯ ತೂತಿನಿಂದ ಆಗಾಗ ಸೊಗಾಬೆ ಒಂದು ನಳಿಗೆ ತೂರಿಸಿ ಬಾರ್ಲಿ ಚಹ ಕುಡಿಸುತ್ತಿದ್ದ. ಇನ್ನೊಂದು ವಿಷಯ ಓಗುಶಿಗೆ ಬೇಗ ತಿಳಿಯಿತು. ಈ ವೇಷಕ್ಕೆ ಕುತ್ತಿಗೆ ಇಲ್ಲ. ಹೌದೆನ್ನಲು ಬಗ್ಗಿದರೂ ಅಲ್ಲವೆನ್ನಲು ಅಲುಗಿದರೂ ಇಡೀ ಗೆಡ್ಡೆ ತೊನೆಯುತ್ತಿತ್ತು. ಮುಖದ ಮೇಲೆ ಹೊಲಿದ ನಗು ಬೇರೆ. ಅವನು ಏನು ಮಾಡಿದರೂ ಜನ, “ಅಯ್ಯೋ, ಎಷ್ಟು ಖುಷಿಯಾಗಿದೆ ನೋಡ್ರೀ!” ಎನ್ನುತ್ತಿದ್ದರು.

ಹನ್ನೊಂದರ ಹೊತ್ತಿಗೆ ಅವನ ತೂತಿನೆದುರು ಒಂದು ಪರಿಚಿತ ನೀಲಿ ಏಪ್ರನ್ ಬಂದು ನಿಂತಿತು. ನಿಶಿಓಕಾ ಅಜ್ಜಿ! ಅವನಿರುವ ಮನೆಯ ಸರಿಯಾಗಿ ಮೇಲಿನವರು, ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷೆ. ಯಾರ ಮನೆಯ ಕಸದ ಚೀಲದಲ್ಲಿ ಏನಿದೆ ಎಂಬುದು ಕಸದವನಿಗಿಂತ ಮೊದಲು ಗೊತ್ತಿರುವ ಹೆಂಗಸು.

“ಮರೀ, ಒಂದು ಹತ್ತು ಪೊಟ್ಟಣ ಕೊಡು” ಎಂದರು ಅಜ್ಜಿ. ಓಗುಶಿ ಮೂರು ಬೆರಳಿನ ದಪ್ಪ ಕೈಗವಸಿನಲ್ಲಿ ಸಿಕ್ಕಷ್ಟು ಬಾಚಿ ಕೊಟ್ಟ. “ನನಗೇನೂ ಬೇಡಪ್ಪಾ, ನಂಗೆ ಪಿಂಚಣಿ ಬರತ್ತೆ. ನಮ್ಮ ಕೆಳಗಡೆ ಮನೇಲಿ ಒಬ್ಬ ಇದಾನೆ, ಓಗುಶಿ ಅಂತ. ಅವನಿಗೆ ಕೊಡೋಣ ಅಂತ.”

ಗೆಡ್ಡೆ ತೊನೆಯಿತು.

“ಹೌದು ಕಣೋ, ನಗಬೇಡ. ಕೆಲಸ ಹೋಗಿ ಎಂಟು ತಿಂಗಳಾಯ್ತು. ಮೊನ್ನೆ ಅವನ ಕಸದಲ್ಲಿ ಏನಿತ್ತು ಗೊತ್ತಾ? ಹೆಸರುಕಾಳಿನ ಮೊಳಕೆಯ ಖಾಲಿ ಚೀಲ. ಅದರ ಹಿಂದಿನ ವಾರವೂ ಅದೇ, ಅದರ ಹಿಂದಿನ ವಾರವೂ ಅದೇ. ಇಷ್ಟು ದೊಡ್ಡದಾಗಿ ಬರೆದಿದಾರೆ, ಕೇಳಿ ಕೊಡ್ತೀವಿ ಅಂತ. ಬಂದು ಕೇಳಕ್ಕೇನು ರೋಗ ಅವನಿಗೆ? ಜಂಬ! ಹಾಗಂತ ನಾನು ಹೇಳಿದೆ ಅಂತ ಹೇಳ್ಬೇಡ.”

ಮೂರು ಸಲ ಬಂದಿದ್ದೆ ಅಜ್ಜಿ, ಎಂಬ ಮಾತು ಓಗುಶಿಯ ಗಂಟಲವರೆಗೆ ಬಂದು, ಬಾರ್ಲಿ ಚಹದ ಜೊತೆ ಕೆಳಗಿಳಿಯಿತು. ಅಷ್ಟರಲ್ಲಿ ಮೂಗಿಗೆ ಸ್ಪಂಜಿನ ಎಳೆ ಸಿಕ್ಕಿ ಅವನು ಜೋರಾಗಿ ಸೀನಿದ.

“ಅಯ್ಯ!” ಎಂದರು ಅಜ್ಜಿ. “ನೀನು ಥೇಟ್ ಅವನ ಹಾಗೇ ಸೀನ್ತೀಯಲ್ಲೋ!”

ಸೊಗಾಬೆ ನುಗ್ಗಿ ಬಂದು, “ರೆಂಕೊರೊ ಸೀನಲ್ಲ ಅಜ್ಜೀ. ಅದು ನಾನು” ಎಂದು ತಾನೂ ಒಂದು ಸೀನು ಸೀನಿ ತೋರಿಸಿದ.

*

ಹನ್ನೆರಡಕ್ಕೆ ಉಗ್ರಾಣದಲ್ಲಿ ಸತ್ಯ ಬಯಲಾಯಿತು. ಜಿಪ್ಪು ಬರಲಿಲ್ಲ. ಸೊಗಾಬೆ ಉಗುರಿನಿಂದ ಎಳೆದ, ಚಾಪ್‌ಸ್ಟಿಕ್ಕಿನಿಂದ ಎಬ್ಬಿದ, ಕೊನೆಗೆ ಹಲ್ಲು ಹಾಕಿ ಜಗ್ಗಿದ. ಬೆನ್ನ ಹಿಂದೆ ಯಾರೋ ತನ್ನನ್ನು ತಿನ್ನುತ್ತಿರುವಂತೆ ಓಗುಶಿಗೆ ಅನ್ನಿಸಿತು.

“ಕತ್ತರಿ ಹಾಕಿಬಿಡಿ ಸೊಗಾಬೆ-ಸಾನ್.”

“ಕತ್ತರೀನಾ? ಇದರ ಬೆಲೆ ಗೊತ್ತಾ ನಿಮಗೆ? ನೀವು ನಾಲ್ಕು ವರ್ಷ ಬಾಡಿಗೆ ಕಟ್ಟಬಹುದು ಆ ದುಡ್ಡಲ್ಲಿ. ನಗರದ ಆಸ್ತಿ ಇದು. ಪ್ರಚಾರ ವಿಭಾಗದ ಒಪ್ಪಿಗೆ ಬೇಕು.”

ಪ್ರಚಾರ ವಿಭಾಗಕ್ಕೆ ಫೋನ್ ಹೋಯಿತು. ಆಸ್ತಿ ವಿಭಾಗವನ್ನು ಕೇಳಿ ಎಂದರು. ಆಸ್ತಿ ವಿಭಾಗದವರು, ವೇಷ ಇನ್ನೂ ನಮ್ಮ ದಾಖಲೆಗೆ ಬಂದಿಲ್ಲ, ಇವತ್ತಿನ ಕಾರ್ಯಕ್ರಮ ಮುಗಿಯುವವರೆಗೆ ಅದು ಕಂಪನಿಯದು ಎಂದರು. ಟೋಕಿಯೋದ ಕಂಪನಿಯವರು, ಬಿಲ್ ಪಾಸಾಗಿದೆ, ಆದ್ದರಿಂದ ಅದು ನಗರದ್ದು ಎಂದರು. ಹೀಗೆ ಯಾರದೂ ಅಲ್ಲದ ಗೆಡ್ಡೆಯೊಳಗೆ ಯಾರೂ ಅಲ್ಲದ ಮನುಷ್ಯ ನಿಂತಿದ್ದ. ಕೊನೆಗೆ ಆದ ತೀರ್ಮಾನವಿಷ್ಟು: ವೇಷ ಹೊಲಿದ ಹೆಂಗಸು ಪಕ್ಕದ ಜಿಲ್ಲೆಯಿಂದ ಸಂಜೆ ಐದೂವರೆಗೆ ಬರುತ್ತಾಳೆ.

“ಐದೂವರೇನಾ!” ಓಗುಶಿ ಕೂಗಿಯೇ ಬಿಟ್ಟ. “ಆಗಲ್ಲ ಸೊಗಾಬೆ-ಸಾನ್. ನಂಗೆ ಎರಡನೇ ಮಹಡೀಲಿ ಸ್ವಲ್ಪ ಕೆಲಸ ಇದೆ.”

“ಏನು ಕೆಲಸ?”

ನಿಮ್ಮ ಪೋಸ್ಟರಿನಲ್ಲಿ ನಾಚಿಕೆ ಬೇಡ ಎಂದು ಬರೆದಿದೆಯಲ್ಲ, ಆ ಕೆಲಸ, ಎಂದು ಓಗುಶಿ ಹೇಳಬಹುದಿತ್ತು. ಪೋಸ್ಟರ್ ಓದಿದ ಮಾತ್ರಕ್ಕೆ ನಾಚಿಕೆ ಹೋಗುವುದಾದರೆ ಅಷ್ಟು ಪೋಸ್ಟರ್ ಯಾಕೆ ಬೇಕಿತ್ತು?

“ಸ್ವಂತದ್ದು” ಎಂದ.

“ಓ, ಟಾಯ್ಲೆಟ್ಟಾ? ತಡ್ಕೊಳ್ಳಿ. ಹೇಗೂ ಒಳಗೇ ಇದೀರಿ, ಮಧ್ಯಾಹ್ನದ ಕಾರ್ಯಕ್ರಮಾನೂ ಮಾಡಿಬಿಡಿ. ನಾಲ್ಕಕ್ಕೆ ಮೇಯರ್ ಬರ್ತಾರೆ, ಟೀವಿಯವರು ಬರ್ತಾರೆ. ಎಷ್ಟು ಅನುಕೂಲ ಆಯ್ತು ನೋಡಿ!” ಎಂದು ಸೊಗಾಬೆ ಐದನೆಯ ತೂತಿನಿಂದ ಒಂದು ಅನ್ನದ ಉಂಡೆ ತೂರಿಸಿ, ತಾನು ನೂಡಲ್ ತಿನ್ನಲು ಹೊರಟ.

ಅವನ ಹೆಜ್ಜೆ ಸದ್ದು ದೂರವಾದ ಕೂಡಲೇ ಓಗುಶಿ ಬಾಗಿಲಿನಲ್ಲಿ ಅಡ್ಡವಾಗಿ ತೂರಿ ಹೊರಬಂದ.

ಲಿಫ್ಟಿನೊಳಗೆ ಅವನ ಅರ್ಧ ಭಾಗ ಮಾತ್ರ ಹಿಡಿಸಿತು. ಬಾಗಿಲು ಆರು ಸಲ ಕಚ್ಚಿ ಆರು ಸಲ ಬಿಟ್ಟಿತು. ಮೆಟ್ಟಿಲಿನ ತಿರುವಿನಲ್ಲಿ ಕಿರಿದಾದ ಡಬ್ಬಿಗೆ ತುರುಕಿದ ಕೇರಂ ಕಾಯಿಯಂತೆ ಸಿಕ್ಕಿಬಿದ್ದ. ಪಿಂಚಣಿ ವಿಭಾಗದ ಇಬ್ಬರು ಊಟ ಬಿಟ್ಟು ಎದ್ದು ಬಂದರು.

“ಪಾಪ, ಪ್ರಚಾರಕ್ಕೆ ಮೇಲೆ ಹೋಗ್ತಿದೆ ಅನ್ಸತ್ತೆ. ಹಿಡ್ಕೊಳ್ರೀ! ಐಸಾ!”

“ಐಸಾ!”

ಅವರ ಐಸಾ ಎಷ್ಟು ಜೋರಿತ್ತೆಂದರೆ ರೆಂಕೊರೊ ಎರಡನೆಯ ಮಹಡಿ ದಾಟಿ ಮೂರನೆಯದರಲ್ಲಿ ನಿಂತಿತು. ಅಲ್ಲಿ ನಗರಸಭಾ ಸದಸ್ಯರು ಅದನ್ನು ತಡೆದು ಒಬ್ಬೊಬ್ಬರಾಗಿ ಫೋಟೋ ತೆಗೆಸಿಕೊಂಡರು. ಕೆಳಗಿಳಿದು ಬಾಡಿಗೆ ಸಹಾಯದ ಕೌಂಟರ್ ಮುಟ್ಟುವಾಗ ಮೂರೂವರೆ.

ಎರಡನೆಯ ಮಹಡಿಯ ಕೊನೆಯ ಮೂಲೆ. ಒಂದು ಮೇಜು, ಒಂದು ಕುರ್ಚಿ, ಒಂದು ಕಂಪ್ಯೂಟರ್, ಕುರಾಮೊಚಿ-ಸಾನ್. ಅವಳ ಹಿಂದೆ ಛಾವಣಿಯವರೆಗೆ ಕಾಗದದ ಕರವಸ್ತ್ರದ ಪೆಟ್ಟಿಗೆಗಳು. ಓಗುಶಿ ಸರತಿಯ ಚೀಟಿ ಎಳೆಯಲು ಹೋದ. ದಪ್ಪ ಬೆರಳಿಗೆ ಒಟ್ಟಿಗೆ ಹದಿನಾಲ್ಕು ಚೀಟಿ ಬಂದವು. ಬೇರೆ ಯಾರೂ ಇರಲಿಲ್ಲ. ಆದರೂ ಅವಳು ಕ್ರಮದಂತೆ ಗುಂಡಿ ಒತ್ತಿ, “ನಂಬರ್ ಏಳು” ಎಂದು ಕೂಗಿ, ತಲೆಯೆತ್ತಿ ನೋಡಿ, ಎದ್ದು ನಿಂತು ಬಗ್ಗಿದಳು.

“ಓ, ರೆಂಕೊರೊ-ಕುನ್! ಈ ಸೆಖೇಲಿ ಬಹಳ ಕಷ್ಟ ಪಡ್ತಿದೀಯ.”

ಓಗುಶಿ ತನ್ನ ಎದೆ ತಟ್ಟಿಕೊಂಡ. ಇಲ್ಲಿ, ಒಳಗೆ, ಲಕೋಟೆ. ಸ್ಪಂಜು ಬೊಫ್ ಬೊಫ್ ಎಂದಿತು.

“ಹೂಂ, ಹೂಂ, ಧೈರ್ಯ ಹೇಳೋಕೆ ಬಂದ್ಯಾ?” ಅವಳು ದನಿ ತಗ್ಗಿಸಿದಳು. “ನೋಡು, ಕೋಪ ಮಾಡ್ಕೋಬೇಡ. ಇಲ್ಲಿ ನಿಲ್ಲಬೇಡ. ಇವತ್ತು ಒಬ್ಬರು ಬರೋರಿದಾರೆ, ಓಗುಶಿ-ಸಾನ್ ಅಂತ. ತುಂಬಾ ಸಂಕೋಚದ ಮನುಷ್ಯ. ಇಲ್ಲಿ ನೀನು ನಿಂತು ಜನ ಸೇರಿಬಿಟ್ರೆ, ಅದನ್ನ ನೋಡಿ ಮೆಟ್ಟಿಲಿಂದಲೇ ವಾಪಸ್ ಹೋಗ್ಬಿಡ್ತಾರೆ. ನಾನು ಅವರಿಗಾಗಿ ಊಟಕ್ಕೂ ಎದ್ದಿಲ್ಲ.”

ಲೋಕದಲ್ಲಿ ತನಗಾಗಿ ಊಟ ಬಿಟ್ಟು ಕಾದ ಒಂದೇ ಒಂದು ಜೀವ ಅದು. ಅದರ ಎದುರೇ ಓಗುಶಿ ನಿಂತಿದ್ದ. ಒಂದು ಮಾತು ಸಾಕಾಗಿತ್ತು. ಅವನು ಉಸಿರೆಳೆದುಕೊಂಡ. ಬಾಯಿ ತೆರೆದ.

“ಇಲ್ಲಿದೀರಾ!” ಎಂದು ಸೊಗಾಬೆ ಹಿಂದಿನಿಂದ ಬಂದು ಗೆಡ್ಡೆಯನ್ನು ಅಪ್ಪಿಹಿಡಿದ. “ಮೇಯರ್ ಬರೋ ಹೊತ್ತಾಯ್ತು! ನಡೀರಿ, ನಡೀರಿ!”

*

ಪಡಸಾಲೆಯಲ್ಲಿ ಮೇಯರ್ ಭಾಷಣ ಮಾಡಿದರು. ತಾವರೆ ಗೆಡ್ಡೆಯ ತೂತಿನಲ್ಲಿ ಮುಂದಿನದು ಕಾಣುತ್ತದೆ ಎಂದು ಹಿರಿಯರು ಹೊಸವರ್ಷದ ದಿನ ಅದನ್ನು ಉಣ್ಣುತ್ತಾರೆ, ಈ ರೆಂಕೊರೊನ ತೂತುಗಳಲ್ಲಿ ನಮ್ಮ ನಗರದ ಬಡವರ ನಾಳೆಗಳು ಕಾಣುತ್ತಿವೆ ಎಂದರು. ಓಗುಶಿಗೆ ಆರನೆಯ ತೂತಿನಲ್ಲಿ ಮೇಯರರ ಬೆಲ್ಟು ಕಾಣುತ್ತಿತ್ತು. ಅದನ್ನು ಕೊನೆಯ ತೂತಿಗೆ ಹಾಕಿದ್ದರು.

ಆಮೇಲೆ ಗೌರವ ಸಮರ್ಪಣೆ. ನಗರಸಭೆ ರೆಂಕೊರೊನನ್ನು ಕುಸುನೊಸೆಯ ವಿಶೇಷ ನಿವಾಸಿಯೆಂದು ದಾಖಲಿಸಿಕೊಂಡು ಒಂದು ವಾಸದ ದಾಖಲೆ ಕೊಟ್ಟಿತು. ಹೆಸರು ರೆಂಕೊರೊ, ಹುಟ್ಟಿದ್ದು ಹಳೆಯ ಕೆಸರು ಗದ್ದೆಯಲ್ಲಿ, ವಿಳಾಸ ನಗರಸಭೆ ಕಚೇರಿ, ಮನೆಮಂದಿ ಒಬ್ಬರು. ಜೊತೆಗೆ ಚೆರ್ರಿ ಮರದಲ್ಲಿ ಕೆತ್ತಿದ, ಅವನ ಹೆಸರಿನ ಒಂದು ಮುದ್ರೆ. ಸಹಿಯ ಬದಲು ಮುದ್ರೆ ಒತ್ತುವ ಈ ಊರಿನಲ್ಲಿ ಅದಿಲ್ಲದವನು ಮನುಷ್ಯನಲ್ಲ. ಆ ಕ್ಷಣದಿಂದ ಗೆಡ್ಡೆ ಮನುಷ್ಯನಾಯಿತು. ಮೂರನೆಯ ನಿಯಮದ ಪ್ರಕಾರ ಓಗುಶಿ ಆಗಲೂ ಇರಲಿಲ್ಲ.

ಟೀವಿಯ ಹೆಂಗಸು ಮುಖ ಸಿಂಡರಿಸಿದಳು. “ಬರೀ ಭಾಷಣ, ಸರ್ಟಿಫಿಕೇಟು. ಇದನ್ನ ಯಾರು ನೋಡ್ತಾರೆ? ಅರ್ಜಿ ಕೊಡೋ ದೃಶ್ಯ ಇಲ್ವಾ? ಕೊಡೋರು ಯಾರಾದ್ರೂ?”

ಅಂಥವರು ಯಾರೂ ಕಾಣಲಿಲ್ಲ. ಸೊಗಾಬೆಯ ಕಣ್ಣು ಮಿನುಗಿತು. “ರೆಂಕೊರೊನೇ ಅರ್ಜಿ ಕೊಟ್ರೆ? ನಾಚಿಕೆ ಬೇಡ ಅಂತ ಅವನೇ ಕೊಟ್ಟು ತೋರಿಸ್ಲಿ!”

“ಭೇಷ್!” ಎಂದರು ಮೇಯರ್.

ಮೆರವಣಿಗೆ ಎರಡನೆಯ ಮಹಡಿಗೆ ಹೊರಟಿತು. ಮುಂದೆ ಕ್ಯಾಮೆರಾ, ನಡುವೆ ಗೆಡ್ಡೆ, ಹಿಂದೆ ಮೇಯರ್, ಅವರ ಹಿಂದೆ ಇನ್ನಷ್ಟು ಪೊಟ್ಟಣ ಸಿಗಬಹುದೆಂದು ನಿಶಿಓಕಾ ಅಜ್ಜಿ. ಪಿಂಚಣಿ ವಿಭಾಗದವರು ಮತ್ತೆ ಐಸಾ ಎಂದರು. ಮೆಟ್ಟಿಲಿನಲ್ಲಿರುವಾಗಲೇ ಬೀದಿಯ ಧ್ವನಿವರ್ಧಕಗಳಲ್ಲಿ ದಿನವೂ ಹಾಕುವ ಐದು ಗಂಟೆಯ ಸಂಗೀತ ಕೇಳಿಸಿತು.

ಕುರಾಮೊಚಿ-ಸಾನ್ ಎದ್ದು ನಿಂತಳು. ವಿಭಾಗದ ಮುಖ್ಯಸ್ಥರು ಅವಳ ಕಿವಿಯಲ್ಲಿ ವಿಷಯ ಹೇಳಿದರು.

“ಸಾರ್, ನಾಟಕಕ್ಕಾದ್ರೆ ಬರೀ ಕಾಗದ ಸಾಕಲ್ವಾ? ಯಂತ್ರಕ್ಕೆ ಹಾಕೋದು ಬೇಡ. ಒಂದೇ ಉಳಿದಿದೆ. ಒಬ್ಬರು ಬರೋರಿದಾರೆ.”

“ಕ್ಯಾಮೆರಾ ಕಂಪ್ಯೂಟರ್ ಮೇಲೇ ಇದೆ ಕಣಮ್ಮಾ. ಐದು ದಾಟಿತು, ಬಂದ್ರಾ ಅವರು? ಬರ್ಲಿಲ್ಲ ತಾನೇ? ಬೇಕಾದವರು ಬೆಳಿಗ್ಗೆನೇ ಬರ್ತಿದ್ರು. ಹೇಗೂ ಯಂತ್ರ ಗೆಡ್ಡೇನ ಒಪ್ಪಲ್ಲ, ಹಾಕಿ.”

ಅವಳು ಕುಳಿತಳು. ರೆಂಕೊರೊನ ಕೈಗೆ ಪೆನ್ನು ಹಿಡಿಯಲು ಆಗುವುದಿಲ್ಲವಾದ್ದರಿಂದ ಅವಳೇ ಬರೆದುಕೊಳ್ಳತೊಡಗಿದಳು. ಮುಖ್ಯಸ್ಥರು ಪಕ್ಕದಲ್ಲಿ ನಿಂತು ಉತ್ತರ ಕೊಟ್ಟರು.

“ಹೆಸರು… ರೆಂಕೊರೊ-ಸಾಮಾ. ಈಗ ಕೆಲಸ?”

“ಇಲ್ಲ.”

“ಬೇರೆ ಆದಾಯ? ಉಳಿತಾಯ?”

“ಇಲ್ಲ, ಇಲ್ಲ.”

“ನೋಡ್ಕೊಳ್ಳೋ ಬಂಧುಗಳು?”

“ಗೆಡ್ಡೆಗೆ ಎಲ್ಲಿಯ ಬಂಧು!” ಎಲ್ಲರೂ ನಕ್ಕರು.

“ಈಗ ಇರೋ ಜಾಗ ಬಿಡಬೇಕಾದ ಪರಿಸ್ಥಿತಿ ಇದೆಯಾ?”

ಮುಖ್ಯಸ್ಥರು ಯೋಚಿಸಿದರು. “ಉಗ್ರಾಣ ಖಾಲಿ ಮಾಡಿ ಅಂತ ಆಸ್ತಿ ವಿಭಾಗ ಪತ್ರ ಬರೆದಿದೆ. ಇದೆ ಅಂತ ಹಾಕಿ.”

ಓಗುಶಿ ಒಳಗೆ ಕಲ್ಲಾಗಿ ನಿಂತು ಕೇಳುತ್ತಿದ್ದ. ಒಂದೊಂದು ಉತ್ತರವೂ ಅವನದೇ. ಬನಿಯನ್ನಿನೊಳಗಿನ ಲಕೋಟೆಯಲ್ಲಿ ಅವನು ತನ್ನ ಕೈಯಾರೆ ಬರೆದದ್ದೂ ಇದನ್ನೇ, ಇದೇ ಸಾಲಿನಲ್ಲಿ. ಬೇಡ, ಬೇಡ ಎಂದು ಅವನು ಎರಡೂ ಕೈ ಆಡಿಸಿದ, ಮೈಯೆಲ್ಲ ಕುಲುಕಿದ, ನೆಲಕ್ಕೆ ಕಾಲು ಬಡಿದ.

“ಕುಣೀತಿದೆ! ಕುಣೀತಿದೆ!” ಎಂದು ಟೀವಿಯ ಹೆಂಗಸು ಚಪ್ಪಾಳೆ ತಟ್ಟಿದಳು. “ಇನ್ನೂ ಸ್ವಲ್ಪ ಕುಣಿ, ಹತ್ತಿರದಿಂದ ತಗೋತೀವಿ!”

ಇನ್ನು ಕೂಗುವುದೊಂದೇ ದಾರಿ. ಕೂಲಿ ಹೋದರೆ ಹೋಗಲಿ, ಉದ್ಯೋಗ ಕಚೇರಿಗೆ ದೂರು ಹೋದರೆ ಹೋಗಲಿ. ‘ನಾನು ಓಗುಶಿ’ ಎಂದರೆ ಸಾಕು. ಆದರೆ ಹಾಗೆಂದ ಕೂಡಲೇ ಇವರು ಬೆನ್ನು ಹರಿದು ತನ್ನನ್ನು ಎಳೆದು ಹೊರಗೆ ಹಾಕುತ್ತಾರೆ. ಬೆವರಿನಲ್ಲಿ ತೊಯ್ದ ಬನಿಯನ್ನಿನಲ್ಲಿ, ಎದೆಗೊಂದು ಲಕೋಟೆ ಅಂಟಿಸಿಕೊಂಡು, ತಾನು ಇಡೀ ಊರಿನ ಟೀವಿಯಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿರುತ್ತೇನೆ. ಆದರೂ ಆಗಲಿ. ಓಗುಶಿ ಬಾಯಿ ತೆರೆದ.

“ನೋಡ್ರೀ, ನೋಡ್ರೀ!” ಗುಂಪಿನಿಂದ ನಿಶಿಓಕಾ ಅಜ್ಜಿಯ ದನಿ ಎದ್ದಿತು. “ಒಂದು ಗೆಡ್ಡೆಗಿರೋ ಧೈರ್ಯ ನಮ್ಮ ಕೆಳಗಿನ ಮನೆ ಓಗುಶಿಗೆ ಇಲ್ಲ ಕಣ್ರೀ!”

ಎಲ್ಲರೂ ಗೊಳ್ಳೆಂದು ನಕ್ಕರು. ಮೇಯರೂ ನಕ್ಕರು. ಓಗುಶಿ ಬಾಯಿ ಮುಚ್ಚಿದ.

ಸೊಗಾಬೆ ಗೆಡ್ಡೆಯ ಕೈಯನ್ನು ಹಿಡಿದು ಚೆರ್ರಿ ಮರದ ಮುದ್ರೆಯನ್ನು ಅರ್ಜಿಯ ಮೇಲೆ ಒತ್ತಿಸಿದ. ಕುರಾಮೊಚಿ-ಸಾನ್ ಗುಂಡಿ ಒತ್ತಿದಳು. ಯಂತ್ರ ಸ್ವಲ್ಪ ಯೋಚಿಸಿತು. ನಾಲ್ಕೂವರೆಗೆ ವಾಸದ ದಾಖಲೆ ಆಗಿದೆಯಲ್ಲ, ಮುದ್ರೆ ಇದೆಯಲ್ಲ, ಆದಾಯ ಸೊನ್ನೆ ಇದೆಯಲ್ಲ. ಟಿಣ್ ಎಂದು ಸದ್ದು ಮಾಡಿ ಒಪ್ಪಿಕೊಂಡಿತು. ‘ಹನ್ನೆರಡನೆಯ ಅರ್ಜಿ ಸ್ವೀಕೃತ. ಈ ವರ್ಷದ ಸ್ವೀಕಾರ ಮುಕ್ತಾಯ.’ ಕೆಂಪು ಮೊಹರಿನ ಚೀಟಿ ಹೊರಬಂತು. ಮೇಯರ್ ಅದನ್ನು ಎತ್ತಿ ಕ್ಯಾಮೆರಾಕ್ಕೆ ತೋರಿಸಿದರು. ಪ್ರಚಾರ ವಿಭಾಗದವರು ಕಟ್ಟು ಹಾಕಿಸಲು ಅದನ್ನು ಒಯ್ದರು.

ಕುರಾಮೊಚಿ-ಸಾನ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳು ಮೆಟ್ಟಿಲಿನ ಕಡೆಯೇ ನೋಡುತ್ತಿದ್ದಳು.

*

ಐದೂವರೆಗೆ ಬಂದ ಹೊಲಿಗೆಯ ಹೆಂಗಸು ಬೆನ್ನು ನೋಡಿ, ಕಾಗದದ ಕ್ಲಿಪ್ಪೊಂದನ್ನು ಬಿಡಿಸಿ ಜಿಪ್ಪಿಗೆ ಸಿಕ್ಕಿಸಿ ಎಳೆದಳು. ಸರ್ರನೆ ತೆರೆಯಿತು.

“ಇಷ್ಟಕ್ಕೆ ನನ್ನ ಎರಡು ರೈಲು ಹತ್ತಿಸಿದ್ರಾ?” ಎಂದಳು.

ಓಗುಶಿ ಒದ್ದೆ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ಓಡಿದ. ಎರಡನೆಯ ಮಹಡಿಯ ಮೂಲೆಯಲ್ಲಿ ಕುರಾಮೊಚಿ-ಸಾನ್ ದೀಪ ಆರಿಸುತ್ತಿದ್ದಳು. ಅವನನ್ನು ಕಂಡು ಅವಳ ಕೈ ಅಲ್ಲೇ ನಿಂತಿತು.

“ಓಗುಶಿ-ಸಾನ್! ಎಲ್ಲಿಗೆ ಹೋಗಿದ್ರಿ? ದಿನವೆಲ್ಲಾ ಕಾದೆ. ಅಷ್ಟು ಹೇಳಿದ್ನಲ್ಲಾ ನಾನು!” ಅವಳು ಸೊಂಟದವರೆಗೆ ಬಗ್ಗಿದಳು. “ಕ್ಷಮಿಸಿ. ಕೊನೇದು ಹೋಗ್ಬಿಡ್ತು. ಈಗಷ್ಟೇ.”

“ಯಾರಿಗೆ?”

“ಅದು ಅರ್ಜಿದಾರರ ಖಾಸಗಿ ವಿಷಯ. ಹೇಳೋ ಹಾಗಿಲ್ಲ.”

ಓಗುಶಿ ಬನಿಯನ್ನಿನೊಳಗಿಂದ ಲಕೋಟೆ ತೆಗೆದ. ಅದು ಬೇಯಿಸಿದ ಎಲೆಕೋಸಿನಂತೆ ಮೆತ್ತಗಾಗಿತ್ತು. ಯಜಮಾನನ ಮುದ್ರೆ ಕರಗಿ ಒಂದು ಕೆಂಪು ಮೋಡವಾಗಿತ್ತು.

“ಆ ಅರ್ಜಿ ರದ್ದು ಮಾಡಕ್ಕೆ ಬರಲ್ವಾ?”

“ಬರತ್ತೆ. ಅರ್ಜಿದಾರರೇ ಸ್ವತಃ ಇಲ್ಲಿ ಬಂದು, ನಂಗೆ ಬೇಡ ಅಂತ ಬಾಯಿಬಿಟ್ಟು ಹೇಳ್ಬೇಕು.” ಅವಳು ಕಣ್ಣು ತಗ್ಗಿಸಿದಳು. “ಆದ್ರೆ ಅವರು… ಮಾತಾಡೋ ಪೈಕಿ ಅಲ್ಲ.”

ಕೆಳಗೆ ಸೊಗಾಬೆ ಕೂಲಿಯ ಕವರು ಹಿಡಿದು ನಿಂತಿದ್ದ. ಜಿಪ್ಪಿನ ಹಿಡಿಯ ಬೆಲೆಯನ್ನು ಮುರಿದುಕೊಂಡಿದ್ದ. “ಅದ್ಭುತ ಮಾಡಿದ್ರಿ. ಆ ಕುಣಿತ ಇದೆಯಲ್ಲ, ಅದೇ ಮುಂದಿನ ತಿಂಗಳ ಪೋಸ್ಟರು. ‘ನನಗೆ ಸಿಕ್ಕಿತು, ನಿಮಗೂ ಸಿಗುತ್ತದೆ!’ ಅಂತ. ಇನ್ನೂ ಅರವತ್ತು ಸಾವಿರ ಪೊಟ್ಟಣಕ್ಕೆ ಆರ್ಡರ್ ಆಗಿದೆ.”

ಏಳಕ್ಕೆ ಕಾಲು ಗಂಟೆ ಇರುವಾಗ ಓಗುಶಿ ಮನೆ ಮುಟ್ಟಿದ. ಮೆಟ್ಟಿಲ ಬುಡದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ ನಿಶಿಓಕಾ ಅಜ್ಜಿ ನೀರಿನ ಡಬ್ಬಿ ಕೆಳಗಿಟ್ಟರು.

“ರೀ ಓಗುಶಿ-ಸಾನ್! ಎಲ್ಲಿ ಹಾಳಾಗಿ ಹೋಗಿದ್ರಿ? ನಗರಸಭೆಗೆ ಬರಬಾರದಿತ್ತಾ ಇವತ್ತು? ನನ್ನ ಕಣ್ಣೆದುರಿಗೇ ಕೊನೇ ಅರ್ಜಿ ಕೊಟ್ಬಿಟ್ರು. ಯಾರಿಗೆ ಗೊತ್ತಾ? ರೆಂಕೊರೊಗೆ! ನಾಚಿಕೆ ಇಲ್ಲದೆ, ಧೈರ್ಯವಾಗಿ, ಎಲ್ಲರೆದುರಿಗೆ ಕುಣ್ಕೊಂಡು ಇಸ್ಕೊಂಡ. ಹಾಗಿರ್ಬೇಕು ಮನುಷ್ಯ ಅಂದ್ರೆ.” ಅವರು ಏಪ್ರನ್ನಿನ ಜೇಬಿನಿಂದ ಪೊಟ್ಟಣಗಳನ್ನು ತೆಗೆದು ಅವನ ಕೈಗೆ ತುಂಬಿದರು. “ತಗೊಳ್ಳಿ, ನಿಮಗೋಸ್ಕರವೇ ತಂದೆ. ಓದಿ ನೋಡಿ, ಏನು ಬರ್ದಿದೆ ಅಂತ.”

ಓಗುಶಿ ಒಂದು ಪೊಟ್ಟಣ ಬಿಡಿಸಿ ಮುಖ ಒರೆಸಿಕೊಂಡ. ಕಾಗದ ತೆಳ್ಳಗಿತ್ತು, ಒಂದೇ ಒರೆಸಿಗೆ ಹರಿಯಿತು. ಇನ್ನೊಂದು ತೆಗೆದ. ಆಮೇಲೆ ಮೂಗಿಗೆ ಎಳೆ ಸಿಕ್ಕಿ ಜೋರಾಗಿ ಸೀನಿದ.

ಅಜ್ಜಿ ತಲೆ ಓರೆ ಮಾಡಿ ಅವನನ್ನೇ ಒಂದು ಕ್ಷಣ ದಿಟ್ಟಿಸಿದರು. “ಏನ್ರೀ ಇದು, ಥೇಟ್ ಅದರ ಹಾಗೇ ಸೀನ್ತೀರಲ್ಲಾ?”

“ಹೌದಾ ಅಜ್ಜಿ?” ಎಂದು ಓಗುಶಿ ಬಗ್ಗಿ ವಂದಿಸಿ, ಏಳಕ್ಕೆ ಯಜಮಾನನಿಗೆ ಕೊಡಬೇಕಾದ ಬೀಗದ ಕೈಯಿಂದ ಬಾಗಿಲು ತೆರೆದು ಒಳಗೆ ಹೋದ.